ಒಂದು ಬೆರಳು ಹೆಚ್ಚು

ಗಣಿತದ ಟ್ಯೂಷನ್ ಅಂದರೆ ಎಲ್ಲರೂ ಮುಖ ಗಂಟು ಹಾಕುತ್ತಾರೆ. ನಾಗಪುರದ ಮಹಾಲ್ ಬಡಾವಣೆಯಲ್ಲಿರುವ ನಮ್ಮ ಮನೆಯಲ್ಲಿ ಮಾತ್ರ ವಾರಕ್ಕೊಮ್ಮೆಯಾದರೂ ಹೊಟ್ಟೆ ಹಿಡಿದುಕೊಂಡು ನಗುವಂಥದ್ದು ನಡೆದೇ ನಡೆಯುತ್ತದೆ. ಮೈಸೂರಿನವಳಾದ ನನಗೆ ಈ ವರ್ಷ ಸಿಕ್ಕ ಶಿಷ್ಯೆ ವಿಜಯಪುರ ಕಡೆಯವಳು. ಗಾಂಧಿಬಾಗ್‌ನ ಬಟ್ಟೆ ಅಂಗಡಿಯಲ್ಲಿ ಅಳೆದು ಕೊಡುವ ಕೆಲಸ, ಇಬ್ಬರು ಮಕ್ಕಳ ತಾಯಿ. ಹನ್ನೆರಡನೇ ತರಗತಿ ಗಣಿತದಲ್ಲಿ ಎರಡು ಸಲ ಡುಮ್ಕಿ. ಈ ಸಲ ಪಾಸಾದರೆ ಫ್ಯಾಷನ್ ಡಿಸೈನ್ ಕೋರ್ಸಿಗೆ ಸೀಟು. ಇಲ್ಲವಾದರೆ ಜೀವನಪೂರ್ತಿ ಅದೇ ಕೌಂಟರು.

೧. ಗಿರಾಕಿಯ ಪಾಲು

y = ax² ರೇಖೆ ನೋಡಿ a ಕಂಡುಹಿಡಿಯುವ ಪಾಠ. ಬಟ್ಟಲಿನಂಥ ಆ ರೇಖೆ ಎಷ್ಟು ಎಳೆದುಕೊಂಡಿದೆ ಎಂದು ಹೇಳುವ ಸಂಖ್ಯೆ ಅದು. “ತಳದಿಂದ ಬಲಕ್ಕೆ ಗ್ರಾಫ್ ಹಾಳೆಯ ಒಂದು ಮನೆ ಹೋಗು. ರೇಖೆ ಮುಟ್ಟಲು ಎಷ್ಟು ಮನೆ ಹತ್ತಬೇಕೋ ಅದೇ a” ಅಂದೆ.

ಎರಡು ಬರಬೇಕಾದಲ್ಲಿ ಇವಳಿಗೆ ಎರಡೂವರೆ. ಮೂರು ಬರಬೇಕಾದಲ್ಲಿ ಮೂರೂವರೆ. ತಲೆ ಕೆಟ್ಟು ಪಕ್ಕದಲ್ಲೇ ಕೂತು ನೋಡಿದೆ. ಮನೆ ಎಣಿಸುವುದು ಬಿಟ್ಟು ಟೇಪು ಹಿಡಿದು, ಕೊನೆಗೆ ಒಂದು ಬೆರಳು ಸೇರಿಸಿ ಗುರುತು ಹಾಕುತ್ತಿದ್ದಳು.

“ಆ ಬೆರಳು ಯಾಕಮ್ಮ?”

“ಗಿರಾಕಿಗೆ ಕಡಿಮಿ ಬೀಳಬಾರದ್ರಿ ಟೀಚರ್!”

೨. ಸೀದಾ ಬದಿ

ಮುಂದಿನ ವಾರ, ಬಟ್ಟಲು ಬೋರಲು ಹಾಕಿದಂಥ ರೇಖೆ. ಉತ್ತರ ಮೈನಸ್ ಎರಡು. ಇವಳು ಪುಸ್ತಕವನ್ನೇ ತಲೆಕೆಳಗು ಮಾಡಿ ಪ್ಲಸ್ ಎರಡು ಬರೆದಳು. ಬೆರಳು ಸೇರಿಸಲಿಲ್ಲವಲ್ಲ ಎಂಬ ಖುಷಿಗೆ ನನಗೆ ಬೈಯಲೂ ಆಗಲಿಲ್ಲ.

“ತಿರುಗಿಸಿದ್ದು ಯಾಕೆ?”

“ಉಲ್ಟಾ ಬಟ್ಟಿ ತೋರ್ಸಿ ರೇಟ್ ಹೇಳಂಗಿಲ್ರಿ. ಸೀದಾ ಮಾಡೇ ಹೇಳಬೇಕ್ರಿ.”

೩. ಬರೋಬರ್

ಪರೀಕ್ಷೆ ಮುಗಿಸಿ ಅವಳು ನೇರ ನಮ್ಮ ಮನೆಗೇ ಓಡಿ ಬಂದಳು. “ಅಂಥಾದ್ದೇ ಬೋರಲು ಬಟ್ಟಲದ ಲೆಕ್ಕ ಬಂದಿತ್ರಿ! ಪೇಪರ್ ತಿರುಗಿಸಲಿಲ್ಲ, ಬೆರಳೂ ಇಡಲಿಲ್ಲ. ಮೈನಸ್ ಮೂರು. ಬರೋಬರ್ ಏನ್ರಿ?” ಪ್ರಶ್ನೆಪತ್ರಿಕೆ ಇಸಿದುಕೊಂಡು ನೋಡಿದೆ. ಬರೋಬರ್! ನನಗೇ ಕಣ್ಣು ತುಂಬಿ ಬಂತು.

ಪಾಸಾದಳು, ಸೀಟೂ ಸಿಕ್ಕಿತು. ಆ ಸಂಭ್ರಮಕ್ಕೆ ಅವಳ ಅಂಗಡಿಗೇ ಹೋಗಿ ಒಂದು ಮೀಟರ್ ರವಿಕೆ ಬಟ್ಟೆ ಕೇಳಿದೆ. ನನಗಿಂತ ಮೊದಲಿದ್ದ ಹೆಂಗಸಿಗೆ ಎಂದಿನಂತೆ ಒಂದು ಬೆರಳು ಹೆಚ್ಚು ಬಿಟ್ಟೇ ಕತ್ತರಿಸಿದಳು. ನನ್ನ ಸರದಿ ಬಂದಾಗ ಉಸಿರು ಬಿಗಿಹಿಡಿದು, ಒಂದು ಎಳೆಯೂ ಆಚೀಚೆ ಆಗದಂತೆ ಅಳೆದಳು.

“ಏನಮ್ಮ, ನನಗಿಲ್ಲವಾ ಬೆರಳು?”

“ಅಯ್ಯ, ನಿಮಗ ಕೊಟ್ರ ಮಾರ್ಕ್ಸ್ ಕಟ್ ಮಾಡ್ತೀರಿ, ಟೀಚರ್!”