ಮೊಟ್ಟೆಯ ಬಿಳಿಗೆ ತೊಂಬತ್ತೇಳು ಅಂಕ ಕೊಟ್ಟ ತಂತ್ರಾಂಶಕ್ಕೆ

ಮಾನ್ಯ ತಂತ್ರಾಂಶದವರೇ,

ನಮ್ಮ ಪ್ರಯೋಗಾಲಯದ ಮೂಲೆಯ ಕಂಪ್ಯೂಟರಿನಲ್ಲಿ ತಣ್ಣಗೆ ಕುಳಿತು, ಜೀವಕೋಶದೊಳಗಿನ ಸೂಕ್ಷ್ಮನಾಳಗಳನ್ನು ಯಾವ ಪ್ರೋಟೀನು ಹಿಡಿದುಕೊಳ್ಳುತ್ತದೆ, ಯಾವುದು ಹಿಡಿಯುವುದಿಲ್ಲವೆಂದು ಕಣ್ಣಿಂದ ನೋಡದೆಯೇ ತೀರ್ಪು ಕೊಡುವ ತಮಗೆ, ಅದೇ ಕೋಣೆಯಲ್ಲಿ ಸಂಶೋಧನೆ ಕಲಿಯುತ್ತಿರುವ ಕಿರಿಯಳ ತಲೆಬಾಗಿದ ವಂದನೆಗಳು.

ಆ ನಾಳಗಳು ಕೋಶಕ್ಕೆ ಆಧಾರದ ಗಳುವೂ ಹೌದು, ಸಾಗಾಟದ ರಸ್ತೆಯೂ ಹೌದು. ಅವನ್ನು ಹಿಡಿಯುವುದೆಂದು ತನಗನ್ನಿಸಿದ ಹೊಸ ಪ್ರೋಟೀನೊಂದನ್ನು ನಮ್ಮ ಹಿರಿಯ ಸಂಶೋಧಕಿ, ನಾನು ಅಕ್ಕ ಎಂದು ಕರೆಯುವವಳು, ಮಗುವಿನಂತೆ ಸಾಕಿ ತಮ್ಮ ಮುಂದೆ ನಿಲ್ಲಿಸಿದಳು. ತಾವು ಅದರ ಮನೆತನ ವಿಚಾರಿಸಿದಿರಿ. ತಮಗೆ ಪಾಠವಾಗಿ ಕಲಿಸಿದ್ದ ಹಳೆಯ ಪ್ರೋಟೀನುಗಳಲ್ಲಿ ಒಂದೂ ಇದರ ದಾಯಾದಿಯಲ್ಲವೆಂದು ಕಂಡು, ನೂರಕ್ಕೆ ಹನ್ನೊಂದು ಅಂಕ ಕೊಟ್ಟು ಸಾಗಹಾಕಿದಿರಿ. ಹುಟ್ಟು ನೋಡಬೇಡಿ, ದುಡಿಮೆ ನೋಡಿ ಎಂದು ನಾನು ಓದಿದ ಕರಪತ್ರಗಳೆಲ್ಲ ಗಂಟಲು ಹರಿದುಕೊಂಡಿವೆ. ತಮ್ಮ ಕೈಗೆ ಒಂದೂ ಸಿಗಲಿಲ್ಲವೇ?

ಸಿಟ್ಟಿಗೆ ನಾನು ಮೊಟ್ಟೆಯ ಬಿಳಿಯಲ್ಲಿರುವ ಪ್ರೋಟೀನೊಂದನ್ನು ತಮಗೆ ತೋರಿಸಿದೆ. ಕೋಶದ ಹೊರಗೇ ಬದುಕು ಕಳೆಯುವ, ಜನ್ಮದಲ್ಲಿ ಸೂಕ್ಷ್ಮನಾಳದ ಮುಖ ಕಾಣದ ಆಸಾಮಿ ಅದು. ನಾಳದ ಮೈಮೇಲೆ ಋಣ ವಿದ್ಯುದಂಶ, ಇದರ ಮೈಮೇಲೆ ಧನ. ಅಷ್ಟಕ್ಕೇ ಜೋಡಿ ಕೂಡಿತೆಂದು ತೊಂಬತ್ತೇಳು! ತಮ್ಮ ಉದಾರತೆಗೆ ಎಣೆಯುಂಟೇ?

ಪ್ರಯೋಗಾಲಯದ ಯಜಮಾನರಾದ ನಮ್ಮ ಮೇಷ್ಟ್ರು ಮಾತ್ರ ತಮ್ಮ ಪರಮಭಕ್ತರು. “ಯಂತ್ರಾನೇ ಬೇಡ ಅಂದಮೇಲೆ ನಮ್ಮದೇನಮ್ಮಾ? ಫ್ರೀಜರಲ್ಲಿ ಜಾಗ ಇಲ್ಲ, ಐವತ್ತರ ಕೆಳಗಿನದೆಲ್ಲ ಶುಕ್ರವಾರ ಚೆಲ್ಲಿಬಿಡಿ” ಎಂದರು. “ಸರ್, ಅದು ನನ್ನ ನಾಲ್ಕು ವರ್ಷ” ಎಂದಳು ಅಕ್ಕ. “ನಾಲ್ಕು ವರ್ಷ ಓದಿ ಹನ್ನೊಂದಾ?” ಎಂದು ನಕ್ಕರು.

ಆದಕಾರಣ ತಾವು ದಯಮಾಡಿ ಆ ಪೆಟ್ಟಿಗೆಯಿಂದ ಇಳಿದು, ಕೈಗವಸು ತೊಟ್ಟು, ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಇಣುಕಬೇಕು. ಕಣ್ಣಿಲ್ಲವೆಂಬುದು ಸಬೂಬಾದರೆ ನನ್ನದೊಂದನ್ನು ಎರವಲು ಕೊಡುತ್ತೇನೆ. ಅದೂ ಆಗದಿದ್ದರೆ ಅಂಕದ ಬದಲು ‘ನನಗೆ ಗೊತ್ತಿಲ್ಲ’ ಎಂದು ಬರೆಯುವುದನ್ನಾದರೂ ಕಲಿಯಬೇಕು. ಕಲಿತ ಮೇಲೆ ಮೇಷ್ಟ್ರಿಗೂ ಹೇಳಿಕೊಡಬೇಕು.

ಐವತ್ತರ ಕೆಳಗಿನವರ ಪಕ್ಷ ಎಂದೂ ಬಿಡದ,
ತಮ್ಮ ವಿಶ್ವಾಸಿ,
ಕಿರಿಯ ಸಂಶೋಧಕಿ

ಮರೆತ ಮಾತು: ಚೆಲ್ಲುವ ಮುನ್ನ ಅಕ್ಕ ತನ್ನ ಪ್ರೋಟೀನನ್ನು ನಾಳಗಳ ಜೊತೆ ಬೆರೆಸಿ, ಗಿರಗಿರನೆ ತಿರುಗಿಸುವ ಯಂತ್ರಕ್ಕೆ ಹಾಕಿದಳು. ಒಂಟಿಯಾಗಿ ತಿರುಗಿಸಿದಾಗ ಮೇಲೆಯೇ ಉಳಿದಿದ್ದ ಅದು, ಈಗ ಭಾರದ ನಾಳಗಳನ್ನು ತಬ್ಬಿಕೊಂಡು ಅವುಗಳ ಜೊತೆ ತಳ ಸೇರಿತು. ಚೆಲ್ಲುವ ಆಜ್ಞೆ ರದ್ದಾಗಿದೆ. ಅದನ್ನೂ ತಮ್ಮ ಪಾಠಕ್ಕೆ ಸೇರಿಸಬೇಕೆಂದು ಮೇಷ್ಟ್ರ ಅಪ್ಪಣೆಯಾಗಿದೆ. ನಾಳೆ ಅದಕ್ಕೆ ನೂರಕ್ಕೆ ನೂರು ಕೊಟ್ಟು, ತಾವೇ ಕಂಡುಹಿಡಿದಿರೆಂದು ಹಾರ ಹಾಕಿಸಿಕೊಳ್ಳುವಾಗ, ಕುತ್ತಿಗೆ ಎಲ್ಲಿದೆಯೆಂದು ಮೊದಲೇ ತಿಳಿಸಿ.