ಅಣ್ಣ ಕೋಟಿ ನೋಡಿ ಬಂದದ್ದು

ಅಳಬೇಕಾದ ಹೊತ್ತಿಗೇ ನಗಿಸುವಂಥದ್ದು ಏನಾದರೊಂದು ನಡೆಯುವುದು ನಮ್ಮ ಮನೆಯ ಕರ್ಮ. ಅಪ್ಪ ತೀರಿದ ದಿನವೂ ಹಾಗೇ ಆಗಿತ್ತು, ಅದು ಬೇರೆ ಕಥೆ. ಇದು ಅಣ್ಣನದು.

ಏನು ಬೇಕು?

ವಿಜಾಪುರದ ಜೋರಾಪುರ ಪೇಟೆಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಅಣ್ಣ ಪೇಂಟರ್. ಅಂಗಡಿ ಬೋರ್ಡು, ಲಾರಿಯ ಹಿಂದಿನ ಹೂಬಳ್ಳಿ, ನನ್ನ ಸ್ಟುಡಿಯೋದ ಪರದೆ, ಎಲ್ಲ ಅವನ ಕೈಯವೇ. ಪರದೆಯ ಮೇಲೆ ಹಿಮದ ಗುಡ್ಡ, ಅದರ ನೆತ್ತಿಗೆ ನೀಲಿ ಮೊನಚು ಗೋಪುರಗಳ ಕೋಟೆ. ಯಾವುದೋ ಬಿಸ್ಕಿಟ್ ಡಬ್ಬಿ ನೋಡಿ ಬರೆದದ್ದು. ಅರ್ಧ ಊರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದೆ.

ಗುಟ್ಕಾ ಅವನ ಗಂಟಲು ತಿಂದಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಕೊರಳಲ್ಲೊಂದು ತೂತು ಉಳಿಯಿತು, ಮಾತೆಲ್ಲ ಬಳಪ ಹಿಡಿದು ಬರೆಯುವ ಪಾಟಿಯ ಮೇಲೆ ಬಂತು. ಎಂಟು ತಿಂಗಳಿಗೆ ರೋಗ ಮತ್ತೆ ತಲೆಯೆತ್ತಿತು. ಡಾಕ್ಟರು ನಮ್ಮನ್ನು ಕೂಡಿಸಿಕೊಂಡು, "ಇನ್ನು ಮಾಡೋದೇನಿಲ್ಲ. ಮಳೆಗಾಲ ದಾಟೋದು ಕಷ್ಟ. ಅವರಿಗೆ ಏನು ಬೇಕೋ ಅದನ್ನ ಮಾಡಿ" ಅಂದರು.

ಅಣ್ಣನ ಹೆಂಡತಿ, ನಮ್ಮ ವೈನಿ, ಕಣ್ಣೊರೆಸಿಕೊಂಡು, "ಏನ ಬೇಕ್ರಿ ನಿಮಗ?" ಅಂದಳು.

ಅಣ್ಣ ಪಾಟಿಯ ಮೇಲೆ ಬರೆದ: "ಕೋಟಿ."

ವೈನಿ ಎದೆ ಹಿಡಿದುಕೊಂಡಳು. "ಕೋಟಿ ಎಲ್ಲಿಂದ ತರೂಣ್ರಿ? ಮನಿ ಮಾರಿದ್ರೂ ಕಾಲು ಭಾಗ ಬರೂದಿಲ್ಲ!"

ಡಾಕ್ಟರೂ ಗಾಬರಿಯಾದರು. ಅಣ್ಣ ಅಕ್ಷರ ಒರೆಸಿ ಚಿತ್ರ ಬರೆದು ತೋರಿಸಿದ. ನಮ್ಮ ಕಡೆ ಕೋಟೆಗೂ ಕೋಟಿ ಅಂತಲೇ ಅನ್ನುವುದು. ಪರದೆಯ ಮೇಲಿನಂಥದ್ದನ್ನು ಒಮ್ಮೆ ಖರೇ ನೋಡಬೇಕಂತೆ.

ಅವ್ವ ಹಣೆ ಬಡಿದುಕೊಂಡಳು. "ಲೇ ಯಪ್ಪಾ, ವಿಜಾಪುರದಾಗ ಹುಟ್ಟಿ ಕೋಟಿ ನೋಡಾಕ ಬ್ಯಾರೆ ಊರಿಗೆ ಹೊಂಟೀಯಲ್ಲೋ! ನಮ್ಮ ಸುತ್ತ ಇರೂದು ಬೇಲಿ ಏನು?"

ಟಿಕೋಟಾದ ಚಹಾ

ಮಹಾರಾಷ್ಟ್ರದ ಘಾಟಿನಲ್ಲಿ ಅಂಥದೊಂದು ಕೋಟೆ ಇರುವುದನ್ನು ಮೊಬೈಲಿನಲ್ಲಿ ಹುಡುಕಿದೆ. ಬೆಳಿಗ್ಗೆ ಹೋಗಿ ಸಂಜೆಗೆ ಬರುವುದು. ಅಣ್ಣ, ವೈನಿ, ಅವ್ವ ಹಿಂದೆ ಕೂತರು, ಕಾರು ನಾನೇ ಹೊಡೆದೆ.

ಟಿಕೋಟಾದಲ್ಲಿ ಚಹಾಕ್ಕೆ ನಿಂತೆವು. ಅಂಗಡಿಯವನು ಅಣ್ಣನ ಹಳೇ ಪರಿಚಯ. "ಏನ್ ಪೇಂಟರ್ ಸಾಹೇಬ್ರ, ಅರಾಮ?" ಅಂದ. ಅಣ್ಣ ಸುಮ್ಮನೆ ನಕ್ಕ. "ಮಾತಾಡ್ರಲಾ!" ಮತ್ತೂ ನಗು. "ದೊಡ್ಡ ಮನಶ್ಯಾ ಆಗ್ಯಾನಪಾ, ನಮ್ಮ ಕೂಡ ಮಾತ ಆಡೂದಿಲ್ಲ" ಅಂತ ಅವನಿಗೆ ಸಿಟ್ಟು ಬಂತು.

ಅಣ್ಣ ಕೊರಳ ಮೇಲಿನ ಬಟ್ಟೆ ಸರಿಸಿ ತೂತು ತೋರಿಸಿದ. ಆಮೇಲೆ ಅದೇ ಬೆರಳಿನಿಂದ ಅಂಗಡಿಯ ಮುಂದೆ ಸರ ಸರವಾಗಿ ತೂಗುಬಿಟ್ಟಿದ್ದ ಗುಟ್ಕಾ ಚೀಟಿಗಳನ್ನು ತೋರಿಸಿದ.

ಅಂಗಡಿಯವನ ಮುಖ ಬೂದಿಯಾಯಿತು. ಸ್ಟೂಲು ಹತ್ತಿ ಎಲ್ಲ ಸರ ಬಿಚ್ಚಿ ಕೆಳಗಿಟ್ಟ. ಚಹಾದ ರೊಕ್ಕವನ್ನೂ ಮುಟ್ಟಲಿಲ್ಲ. ವೈನಿ ಅವನಿಗೆ ಕೈಮುಗಿದು ಅತ್ತಳು.

ಕಾರು ಹೊರಳಿಸುವಾಗ ಕನ್ನಡಿಯಲ್ಲಿ ನೋಡಿದೆ. ಅವನು ಮತ್ತೆ ಸ್ಟೂಲು ಹತ್ತಿದ್ದ. ಒಂದೊಂದೇ ಸರ ಕಟ್ಟುತ್ತಿದ್ದ.

ಕೋಟೆಯ ಬೆನ್ನು

ಘಾಟಿನಲ್ಲಿ ಮಂಜು. ಮೆಟ್ಟಿಲು ಹತ್ತಲು ಅಣ್ಣನಿಗೆ ಆಗಲಿಲ್ಲ, ಕುರ್ಚಿಯಲ್ಲಿ ಕೂಡಿಸಿ ನಾನೂ ವೈನಿಯೂ ಎತ್ತಿಕೊಂಡು ಹೋದೆವು. ಮೇಲೆ ಒಂದು ತಾಸು ಕಾದ ಮೇಲೆ ಮಂಜು ಸರಿಯಿತು. ನೀಲಿ ಗೋಪುರ, ಬಿಳಿ ಗೋಡೆ, ತೇಟ್ ಪರದೆಯದೇ! ಅಣ್ಣನ ಕಣ್ಣು ತುಂಬಿದವು. ಎದ್ದು, ಗೋಡೆ ಹಿಡಿದುಕೊಂಡು, ತಾನೇ ನಡೆದು ಕೋಟೆಯ ಹಿಂದಕ್ಕೆ ಹೋದ.

ಹಿಂದೆ ಏನೂ ಇರಲಿಲ್ಲ. ಕಬ್ಬಿಣದ ಪೈಪು ಊರಿ, ಪ್ಲೈವುಡ್ ಬಡಿದು ನಿಲ್ಲಿಸಿದ್ದರು. ಮದುವೆ ಜೋಡಿಗಳ ಫೋಟೋಕ್ಕೆ ಮಾಡಿದ್ದಂತೆ.

ವೈನಿ ನನ್ನ ಮೇಲೆ ಹರಿಹಾಯ್ದಳು. "ಸಾಯೂ ಮನಶ್ಯಾಗ ಇದನ್ನ ತೋರ್ಸಾಕ ಕರಕೊಂಡ ಬಂದ್ರೇನು?" ನಾನು ತಲೆ ತಗ್ಗಿಸಿ ನಿಂತೆ. ಆ ಮಾತು ಅಣ್ಣನ ಎದುರಿಗೇ ಬಾಯಿಂದ ಬಿತ್ತಲ್ಲ ಅಂತ ಅವಳೂ ಸೆರಗು ಕಚ್ಚಿ ನಿಂತಳು.

ಅಣ್ಣ ಉಗುರಿನಿಂದ ಬಣ್ಣ ಕೆರೆದು ನೋಡಿ ಪಾಟಿ ತೆಗೆದುಕೊಂಡ. "ಪ್ರೈಮರ್ ಹೊಡೆದಿಲ್ಲ. ಎರಡು ಮಳಿಗಾಲ ಬಾಳೂದಿಲ್ಲ." ಒರೆಸಿ, ಸ್ವಲ್ಪ ತಡೆದು ಮತ್ತೆ ಬರೆದ: "ಆದ್ರೂ ನನಗಿಂತ ಛಲೋ."

ಬಬಲೇಶ್ವರದ ಹತ್ತಿರ

ಬರುವಾಗ ಜಮಖಂಡಿ ಮೇಲಿನಿಂದ ಬಂದೆವು. ಅಣ್ಣ ವೈನಿಯ ಹೆಗಲಿಗೆ ತಲೆ ಇಟ್ಟು ಮಲಗಿದ್ದ. ಬಬಲೇಶ್ವರ ಇನ್ನೇನು ಬಂತು ಅನ್ನುವಾಗ ಅವನ ಕೈ ಜಾರಿ ಕೆಳಗೆ ಬಿತ್ತು. ವೈನಿ ಅಲುಗಿಸಿದಳು, ಅಲುಗಲಿಲ್ಲ. ಅವ್ವ ಮೂಗಿನ ಹತ್ತಿರ ಬೆರಳು ಹಿಡಿದಳು.

"ಉಸರ ಇಲ್ಲ ಬೇ!"

ಕಾರು ನಿಲ್ಲಿಸಿ ನಾನೂ ಹಿಡಿದು ನೋಡಿದೆ. ಇಲ್ಲ. ಮೂವರೂ ಬಾಯಿ ಬಡಿದುಕೊಂಡು ಅತ್ತೆವು. ಬಸ್ಸಿಗೆ ನಿಂತಿದ್ದ ಮಂದಿ ಓಡಿ ಬಂದು ಕಾರು ಸುತ್ತುಗಟ್ಟಿತು. ಒಬ್ಬ ಹೆಣ್ಣುಮಗಳು ಅವ್ವನನ್ನು ತಬ್ಬಿಕೊಂಡು ತಾನೂ ಅಳತೊಡಗಿದಳು.

ಆ ಗದ್ದಲಕ್ಕೆ ಅಣ್ಣನಿಗೆ ಎಚ್ಚರವಾಯಿತು. ಅಳುವ ನಮ್ಮನ್ನೂ ಮಂದಿಯನ್ನೂ ಮಿಕಿಮಿಕಿ ನೋಡಿ, ಪಾಟಿ ಹುಡುಕಿ ಬರೆದ: "ಯಾರು ಹೋದ್ರು?"

ಎಂಟು ತಿಂಗಳಿಂದ ಅವನು ಮೂಗಿನಿಂದ ಉಸಿರಾಡಿಯೇ ಇಲ್ಲ, ಎಲ್ಲ ಕೊರಳ ತೂತಿನಿಂದ. ದಿನಾ ಅದನ್ನು ತೊಳೆಯುವ ವೈನಿಗೂ ಆ ಗಳಿಗೆಯಲ್ಲಿ ಅದು ನೆನಪಾಗಿರಲಿಲ್ಲ. ಮಂದಿ ನಕ್ಕಿತು. ನಾವೂ ನಕ್ಕೆವು. ಅಣ್ಣನಂತೂ ಸದ್ದಿಲ್ಲದೆ, ಕೊರಳ ಬಟ್ಟೆ ಪಟಪಟ ಹಾರುವಷ್ಟು ನಕ್ಕ.

ಎರಡು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಗಂಜಿ ಕುಡಿಸಲು ಹೋದ ವೈನಿ ನಮ್ಮನ್ನು ಕೂಗಿದಳು. ಈ ಸಲ ಅವಳ ಅಂಗೈ ಕೊರಳ ತೂತಿನ ಮುಂದೇ ಇತ್ತು. ಬಹಳ ಹೊತ್ತು ತೆಗೆಯಲೇ ಇಲ್ಲ. ನನಗೆ ತಡೆಯಲಾಗದೆ ಅಳು ಒತ್ತರಿಸಿ ಬಂತು. ಅವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಸುಮ್ಮನಿರ್ರಿ. ಹೋದ ಸಲ ಅವಸರ ಮಾಡಿ ಮಂದಿ ಮುಂದ ನಗಪಾಟಲ ಆಗೇವಿ. ಇನ್ನೊಂದೀಟ ಹೊತ್ತ ನೋಡೂಣು."

ಮೂವರೂ ಸಂಜೆಯ ತನಕ ನೋಡುತ್ತ ಕೂತೆವು.