ಗರ ವಿಮಾನ ಸೇವೆ

"ಇನ್ನೊಂದೇ ವಾರ! ಬರೋ ಭಾನುವಾರ ಈ ಡೈನಿಂಗ್ ಟೇಬಲ್ಲಿನಿಂದ ಒಂದು ವಿಮಾನ ಹೊರಬೀಳುತ್ತೆ!" ಎಂದು ನಾನು ಟೇಬಲ್ ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ಉಪ್ಪಿನ ಡಬ್ಬಿ ಮಗುಚಿಕೊಂಡಿತು.

"ಸದ್ಯಕ್ಕೆ ಉಪ್ಪು ಹೊರಬಿತ್ತು," ಅಂದಳು ಹೆಂಡತಿ, ಅದನ್ನು ಅಂಗೈಗೆ ಬಳಿದುಕೊಳ್ಳುತ್ತಾ.

ನಗಬೇಡಿ. ಈ ಘೋಷಣೆಯ ಹಿಂದೆ ಒಂದು ಘನವಾದ ಕಾರಣವಿತ್ತು. ನನ್ನ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಕಾಲು ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ನಮ್ಮ ಮನೆಗೆ ಬಂದಿದ್ದರು. ಡಾಕ್ಟರು ಮೂಳೆಯನ್ನೇನೋ ಕೂಡಿಸಿದರು. ಅತ್ತೆಯ ಮಾತು ಮಾತ್ರ ಕೂಡಲೇ ಇಲ್ಲ! ಹಿಂದೆ ಅವರು ಬಾಯಿ ತೆರೆದರೆ ರೇಡಿಯೋ ಆಫ್ ಮಾಡಬೇಕಾಗುತ್ತಿತ್ತು. ಈಗ "ಹೂಂ", "ಬೇಡ", "ನಿಮಗೆ ತೊಂದರೆ"... ಇಷ್ಟೇ. ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ರಸ್ತೆ ನೋಡುತ್ತಾ ಕೂತುಬಿಡುವರು. ಅಮ್ಮನ ಮೌನ ಕಂಡು ನನ್ನ ಹೆಂಡತಿ ಕರಗಿಹೋಗುತ್ತಿದ್ದಳು.

ಒಂದು ಸಂಜೆ ಟಿವಿಯಲ್ಲಿ ಹಳೆಯ ಕಾಲದ ವಿಮಾನವೊಂದು ಸರೋವರದ ನೀರಿನ ಮೇಲೆ ಬಂದು ಇಳಿಯಿತು. ದೋಣಿಯಂಥ ಹೊಟ್ಟೆ, ನೆತ್ತಿಯ ಮೇಲೆ ರೆಕ್ಕೆ. ಅತ್ತೆ ತಟ್ಟನೆ ಮುಂದೆ ಬಾಗಿದರು.

"ನಾನು ಇಂಥದ್ದರಲ್ಲೇ ಹೋಗಿದ್ದೆ. ಚಿಕ್ಕವಳಿದ್ದೆ, ಅಪ್ಪನ ಜೊತೆ. ಅದಕ್ಕೆ ಹಾರುವ ದೋಣಿ ಅಂತಿದ್ರು. ಮೈಯೆಲ್ಲ ಬೆಳ್ಳಿ ಬಣ್ಣ. ಮೂತಿಯ ಪಕ್ಕ ನೀಲಿ ಅಕ್ಷರದಲ್ಲಿ 'ಸಾಗರ ವಿಮಾನ ಸೇವೆ' ಅಂತ ಬರೆದಿತ್ತು."

ಅಷ್ಟೇ. ಮತ್ತೆ ಕಿಟಕಿ. ಆದರೆ ಎಷ್ಟೋ ವಾರಗಳಲ್ಲಿ ಅತ್ತೆ ಆಡಿದ ಅತಿ ಉದ್ದದ ಮಾತು ಅದು! ಹೆಂಡತಿ ಸರ್ರನೆ ಅಡುಗೆಮನೆಗೆ ಹೋಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನೊಳಗಿನ ಗಂಡಸು ಎದ್ದುನಿಂತ. ಅದೇ ವಿಮಾನದ ಪುಟ್ಟ ಮಾದರಿ ಕಟ್ಟಿ ಅತ್ತೆಯ ಮಡಿಲಿಗೆ ಇಳಿಸದಿದ್ದರೆ ನಾನು ಅಳಿಯನೇ ಅಲ್ಲ!

ಮಾದರಿಯ ಬಿಡಿಭಾಗಗಳ ಪೆಟ್ಟಿಗೆ ಬಂತು. ತೆರೆದರೆ, ಬೂದು ಬಣ್ಣದ ಪ್ಲಾಸ್ಟಿಕ್ ತುಂಡುಗಳ ಸಂತೆ. ಅದೂ ಯುದ್ಧಕ್ಕೆ ಹೋಗುವ ವಿಮಾನ! ಬೆನ್ನ ಮೇಲೊಂದು ಬಂದೂಕಿನ ಗೂಡು, ಬಾಲದಲ್ಲೊಂದು.

"ಅಯ್ಯೋ, ನನ್ನ ಅಮ್ಮ ಯಾರ ಮೇಲೆ ಯುದ್ಧಕ್ಕೆ ಹೋಗಿದ್ಲುರೀ?"

"ಗೂಡುಗಳನ್ನ ಕತ್ತರಿಸಿ, ತೂತು ಮುಚ್ಚಿ, ಬೆಳ್ಳಿ ಬಣ್ಣ ಹೊಡೆದು, ಕಂಪನಿ ಹೆಸರು ಅಂಟಿಸಿದರೆ ಸಿವಿಲ್ ವಿಮಾನ ಆಗುತ್ತೆ ಕಣೇ. ಹಾಬಿ ಮಾಡೋರೆಲ್ಲ ಹಾಗೇ ಮಾಡೋದು."

"ಟೇಬಲ್ ಪೂರ್ತಿ ಆಕ್ರಮಿಸಿಕೊಂಡು ನಮ್ಮನ್ನ ನೆಲದ ಮೇಲೆ ಊಟಕ್ಕೆ ಕೂರಿಸಿದ್ದೀರಲ್ಲ, ಮೊದಲು ನೀವು ಸಿವಿಲ್ ಆಗಿ!"

ಮೊದಲ ಅನಾಹುತ ರೆಕ್ಕೆಯದು. ಆಫೀಸಿಗೆ ಹೊರಡುವ ಮುಂಚೆ ಒಂದು ಚೂರು ಅಂಟಿಸಿಬಿಡೋಣ ಎಂದು ಎಡಗೈಯಲ್ಲಿ ರೆಕ್ಕೆ ಹಿಡಿದು ಅಂಟಿನ ಟ್ಯೂಬು ಒತ್ತಿದೆ. ಬರಲಿಲ್ಲ. ಜೋರಾಗಿ ಒತ್ತಿದೆ. ಬಂತು! ಎಷ್ಟು ಬಂತೆಂದರೆ, ರೆಕ್ಕೆ ವಿಮಾನಕ್ಕೆ ಅಂಟುವ ಬದಲು ನನ್ನ ಅಂಗೈಗೆ ಅಂಟಿತು. ಎಳೆದೆ. ಚರ್ಮ ಬಂತು, ರೆಕ್ಕೆ ಬರಲಿಲ್ಲ.

ಹೆಂಡತಿ ಉಗುರುಬಣ್ಣ ಅಳಿಸುವ ಬಾಟಲಿ ಹಿಡಿದು ಓಡಿಬಂದಳು. "ಇದನ್ನ ಹಾಕಿದರೆ ಅಂಟು ಕರಗುತ್ತೆ."

"ಬೇಡ! ಪ್ಲಾಸ್ಟಿಕ್ಕೂ ಕರಗುತ್ತೆ!"

"ಕೈ ಮುಖ್ಯಾನೋ ರೆಕ್ಕೆ ಮುಖ್ಯಾನೋ?"

"ಇನ್ನೊಂದು ಕೈ ಇದೆ. ಇನ್ನೊಂದು ಎಡರೆಕ್ಕೆ ಪೆಟ್ಟಿಗೇಲಿ ಇಲ್ಲ!"

ಹೆಂಡತಿ ಬಾಟಲಿ ಮುಚ್ಚಿ, ನನ್ನನ್ನು ಒಂದು ಥರಾ ನೋಡಿ ಒಳಗೆ ಹೋದಳು. ನಾನು ಕೈಗೆ ಟವೆಲ್ಲು ಸುತ್ತಿಕೊಂಡು ಬಸ್ಸು ಹತ್ತಿದೆ.

ನಾನು ಕೆಲಸ ಮಾಡುವುದು ನೀರು ಸರಬರಾಜು ಕಚೇರಿಯಲ್ಲಿ. ಊರಿನ ಯಾವ ಪೈಪು ಎಲ್ಲಿ ಸೋರಿದರೂ ದೂರು ಬರುವುದು ನನ್ನ ಮೇಜಿಗೇ. ಫೋನು ಬಲಗೈಯಲ್ಲಿ ಹಿಡಿದೆ, ಬರೆಯುವ ಹೊತ್ತಿಗೆ ಅದನ್ನು ಕತ್ತಿನಲ್ಲಿ ಅವುಚಿಕೊಂಡೆ, ಟವೆಲ್ಲು ಜಾರಿತು. ಅದೇ ಹೊತ್ತಿಗೆ ಮ್ಯಾನೇಜರು ಬರಬೇಕೇ!

"ಏನ್ರೀ ಅದು?"

"ರೆಕ್ಕೆ ಸಾರ್."

"ನಿಮಗೆ ರೆಕ್ಕೆ ಬಂದಿದೆ ಅಂತ ಬೇರೆಯವರು ಹೇಳ್ತಿದ್ರು. ನಾನೇ ನಂಬಿರಲಿಲ್ಲ."

ಇಡೀ ಕಚೇರಿ ಬಿದ್ದು ಬಿದ್ದು ನಕ್ಕಿತು. ಮಧ್ಯಾಹ್ನ ಕ್ಯಾಂಟೀನಿನ ಬಿಸಿನೀರು, ಸೋಪಿನ ಪುಡಿಯಲ್ಲಿ ಕೈ ಅದ್ದಿಕೊಂಡು ಕೂತು ಕೂತು, ರೆಕ್ಕೆ ಕೊನೆಗೂ ಬಿಟ್ಟಿತು. ನನ್ನ ಹಸ್ತರೇಖೆಗಳಲ್ಲಿ ಅರ್ಧ ಅದರ ಜೊತೆಗೇ ಹೋದವು. ಆಯುಷ್ಯರೇಖೆ ಈಗಲೂ ರೆಕ್ಕೆಯ ಕೆಳಗೇ ಇದೆ.

ವಾರ ಹೋಯಿತು, ಇನ್ನೊಂದು ವಾರ ಹೋಯಿತು, ಆಮೇಲೆ ನಾನು ಎಣಿಸುವುದನ್ನೂ ಬಿಟ್ಟೆ. ಬೆಳ್ಳಿ ಬಣ್ಣ ವಿಮಾನಕ್ಕೂ ಬಿತ್ತು, ಪರದೆಗೂ ಬಿತ್ತು. ಉಳಿದದ್ದು ಹೆಸರು. ಅದನ್ನು ಪ್ರಿಂಟಿಂಗ್ ಅಂಗಡಿಯಲ್ಲಿ ತೆಳು ಹಾಳೆಯ ಮೇಲೆ ಮುದ್ರಿಸಿಕೊಂಡು ತಂದೆ. ಒಂದೊಂದೇ ಅಕ್ಷರ ಕತ್ತರಿಸಿ ನೀರಿಗೆ ಹಾಕಿದರೆ, ಕಾಗದದಿಂದ ಬಣ್ಣದ ಪೊರೆ ಬಿಡಿಸಿಕೊಂಡು ಬರುತ್ತದೆ. ಮೆಲ್ಲಗೆ ಎತ್ತಿ ವಿಮಾನದ ಮೇಲೆ ಕೂರಿಸಬೇಕು. ಚಿಟ್ಟೆಯ ರೆಕ್ಕೆ ಎತ್ತಿದಷ್ಟು ನಾಜೂಕಿನ ಕೆಲಸ! ಗಾಜಿನ ಬಟ್ಟಲಲ್ಲಿ ನೀರು ತುಂಬಿ ಮೊದಲ ಅಕ್ಷರ 'ಸಾ' ಹಾಕಿದೆ. ಚಿಮಟ ಹುಡುಕಲು ರೂಮಿಗೆ ಹೋದೆ.

ಆ ಹೊತ್ತಿಗೇ ಅತ್ತೆಗೆ ನಡಿಗೆ ಕಲಿಸುವ ಫಿಸಿಯೋಥೆರಪಿಯ ಹುಡುಗಿ ಬರುವುದಿತ್ತು. ಹೆಂಡತಿ ಅತ್ತೆಯ ಹಲ್ಲಿನ ಸೆಟ್ಟು ತೊಳೆದಳು. ಟೇಬಲ್ಲಿನ ಮೇಲೆ ನೀರು ತುಂಬಿದ ಬಟ್ಟಲು ಕಂಡಿತು. ಅಮ್ಮನ ಬಟ್ಟಲೂ ಥೇಟ್ ಅಂಥದ್ದೇ. ಹಲ್ಲು ಅದರೊಳಗೆ ಹಾಕಿದಳು. ಕಾಲಿಂಗ್ ಬೆಲ್ ಆದಾಗ ತೆಗೆದು ಅಮ್ಮನಿಗೆ ಕೊಟ್ಟಳು.

ನಾನು ಬಂದು ನೋಡಿದರೆ ನೀರಿದೆ, 'ಸಾ' ಇಲ್ಲ! ಟೇಬಲ್ ಕೆಳಗೆ ಹುಡುಕುತ್ತಿರುವಾಗ ಫಿಸಿಯೋ ಹುಡುಗಿಯ ದನಿ ಕೇಳಿಸಿತು.

"ಅಜ್ಜಿ, ಒಂದ್ನಿಮಿಷ... ನಿಮ್ಮ ಹಲ್ಲಿನ ಮೇಲೆ ಏನೋ ಬರೆದಿದೆ."

ಅತ್ತೆಯ ಮುಂದಿನ ಎರಡು ಹಲ್ಲುಗಳ ಮೇಲೆ, ಅಚ್ಚುಕಟ್ಟಾಗಿ, ಒಂದು ಗುಳ್ಳೆಯೂ ಏಳದಂತೆ, ನೀಲಿ ಬಣ್ಣದ 'ಸಾ' ಕೂತಿತ್ತು! ಮುಂದೆ ವಿಮಾನದ ಮೇಲೆ ನಾನು ಅಂಟಿಸಿದ ಒಂದು ಅಕ್ಷರವೂ ಅಷ್ಟು ನೇರವಾಗಿ ಕೂರಲಿಲ್ಲ, ಸತ್ಯವಾಗಿ ಹೇಳುತ್ತೇನೆ.

ಹೆಂಡತಿ ನನ್ನ ಕಡೆ ತಿರುಗಿದಳು. ಆ ಕಣ್ಣು ನೋಡಿ ನಾನು ಟೇಬಲ್ ಕೆಳಗೇ ಉಳಿಯುವುದು ಕ್ಷೇಮ ಎಂದುಕೊಂಡೆ. "ಕನ್ನಡಿ ಕೊಡೇ," ಅಂದರು ಅತ್ತೆ. ಹುಡುಗಿ ಕೊಟ್ಟಳು. ಅತ್ತೆ ತುಟಿ ಎತ್ತಿ ನೋಡಿಕೊಂಡರು. ಈ ಕಡೆ ತಿರುಗಿಸಿ ನೋಡಿದರು, ಆ ಕಡೆ ತಿರುಗಿಸಿ ನೋಡಿದರು. ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ನಾನು ಇನ್ನೂ ಒಳಕ್ಕೆ ಸರಿದೆ.

ಅತ್ತೆ ನಗುತ್ತಿದ್ದರು! ನಕ್ಕು ನಕ್ಕು ಹಲ್ಲಿನ ಸೆಟ್ಟು ಮಡಿಲಿಗೆ ಬಿತ್ತು. ಬೊಚ್ಚುಬಾಯಲ್ಲಿ ಇನ್ನೂ ಜೋರಾಗಿ ನಕ್ಕರು. ಬಿದ್ದಾಗಿನಿಂದ ಅವರ ಬಾಯಲ್ಲಿ ನಗು ಕಂಡದ್ದು ಅದೇ ಮೊದಲು. ಹೆಂಡತಿ ಅಮ್ಮನ ಕುರ್ಚಿಯ ಪಕ್ಕ ಕುಸಿದು ಕೂತು, ನಗುತ್ತಲೂ ಅಳುತ್ತಲೂ, "ಟೇಬಲ್ ಕೆಳಗಿಂದ ಬನ್ನಿ, ಹೊಡೆಯಲ್ಲ," ಅಂದಳು.

'ಸಾ' ಎತ್ತಲು ಹೋದರೆ ಹರಿಯಿತು. ಹೀಗಾಗಿ ಮಿಕ್ಕ ಅಕ್ಷರ ಅಂಟಿಸಿದ ಮೇಲೆ ವಿಮಾನದ ಮೂತಿಯ ಮೇಲೆ ಮೂಡಿದ್ದು 'ಗರ ವಿಮಾನ ಸೇವೆ'. ಹೊಸದಾಗಿ ಮುದ್ರಿಸಿಕೊಂಡು ಬರುತ್ತೇನೆಂದು ನಾನು ಚಪ್ಪಲಿ ಮೆಟ್ಟಿದೆ.

"ಇರಲಿ ಬಿಡಿ. ಗರ ಬಡಿದಿರೋದಂತೂ ನಿಜ. ವಿಮಾನಕ್ಕಲ್ಲ, ಅಷ್ಟೇ!" ಅಂದಳು ಹೆಂಡತಿ.

ಅತ್ತೆಗೆ ಈಗ ಮಾತು ಬಂದಿತ್ತು. ಬಂದ ಮಾತು ಸುಮ್ಮನಿರುತ್ತದೆಯೇ? "ಅಳಿಯಂದಿರೇ, ಇದು ತೇಲುತ್ತಾ?"

"ಅತ್ತೆ, ಇದು ಶೋಕೇಸಿನಲ್ಲಿ ಇಡೋದು..."

"ನಮ್ಮದು ತೇಲ್ತಿತ್ತು."

ಇಂಥ ಮಾತು ಕೇಳಿದ ಮೇಲೆ ಯಾವ ಅಳಿಯ ಸುಮ್ಮನಿದ್ದಾನು! ಬಟ್ಟೆ ಒಗೆಯುವ ದೊಡ್ಡ ಟಬ್ಬಿಗೆ ನೀರು ತುಂಬಿದೆವು. ಅತ್ತೆ ವಾಕರ್ ಹಿಡಿದು, ಯಾರೂ ಕರೆಯದಿದ್ದರೂ, ತಾವಾಗಿಯೇ ಹಿತ್ತಿಲಿನವರೆಗೆ ನಡೆದುಬಂದರು. ನಾನು ಎರಡೂ ಕೈಯಲ್ಲಿ ವಿಮಾನ ಹಿಡಿದು, ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, ನೀರಿಗಿಳಿಸಿದೆ.

ತೇಲಿತು! ಆಹಾ, ಬೆಳ್ಳಿ ಹಂಸ! "ನೋಡಿ!" ಅಂದೆ. ನೋಡುತ್ತಿದ್ದಂತೆಯೇ ಒಂದು ರೆಕ್ಕೆ ನಿಧಾನವಾಗಿ ನೀರು ಮುಟ್ಟಿತು, ಮೂತಿ ಬಾಗಿತು, ಬಾಲ ಆಕಾಶ ನೋಡಿತು. ಗುಳುಗುಳು ಎಂದು ಗುಳ್ಳೆ ಬಿಡುತ್ತಾ ಹಾರುವ ದೋಣಿ ಮುಳುಗುವ ದೋಣಿಯಾಯಿತು.

"ಊರಿನ ಸೋರಿಕೆಯೆಲ್ಲ ನೋಡ್ಕೊಳ್ಳೋರು ನೀವೇ ಅಲ್ವೇನ್ರೀ? ದೂರು ಬರ್ಕೊಳ್ಳಿ," ಅಂದಳು ಹೆಂಡತಿ.

ಒಳಗೆ ಹೊಕ್ಕ ನೀರು ಹೊರಗೆ ಬರಲೊಲ್ಲದು. ಹೊಟ್ಟೆ ಕೊಯ್ದೇ ತೆಗೆಯಬೇಕು. ನಾನು ಸಣ್ಣ ಗರಗಸ ಹುಡುಕುವಷ್ಟರಲ್ಲಿ ಅತ್ತೆ ವಿಮಾನವನ್ನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ, ಪುಟ್ಟ ದುಂಡು ಕಿಟಕಿಗೆ ಇನ್ನೊಂದು ಕಣ್ಣು ಇಟ್ಟಿದ್ದರು. ತುಂಬ ಹೊತ್ತು ನೋಡಿದರು.

"ಒಳಗೆ ಏನೂ ಇಲ್ಲವಲ್ಲ."

"ಒಳಗೇನಿರುತ್ತೆ ಅತ್ತೆ? ಹೊರಗಿನಿಂದ ಯಾರಿಗೂ ಕಾಣಲ್ಲ ಅಂತ..."

"ನಾನು ಹೊರಗಿನಿಂದ ನೋಡಿದ್ದು ಹತ್ತುವಾಗ ಒಂದು ಸಲ, ಇಳಿದಾಗ ಒಂದು ಸಲ. ಮಿಕ್ಕಿದ್ದೆಲ್ಲ ಒಳಗೇ. ಅಪ್ಪ ಈ ಕಡೆ ಕೂತಿದ್ರು. ನನಗೆ ಕಿಟಕಿ ಬಿಟ್ಟುಕೊಟ್ಟಿದ್ರು. ವಿಮಾನ ಮೇಲೇಳುವಾಗ ನೀರು ಪಟಪಟ ಅಂತ ಗಾಜಿಗೆ ಹೊಡೀತಿತ್ತು. ನಾನು ಕಿರುಚಿದೆ. ಅಪ್ಪ ಕೈ ಹಿಡ್ಕೊಂಡ್ರು. ಆಮೇಲೆ ನೋಡಿದರೆ ಗಾಜಿನ ಮೇಲೆ ಬರೀ ಆಕಾಶ."

ವಾರಗಟ್ಟಲೆ ನಾನು ಹೊರಮೈಗೆ ಬಣ್ಣ ಹೊಡೆದದ್ದೇ ಹೊಡೆದದ್ದು. ಅತ್ತೆಯನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು! ಟಬ್ಬಿನ ಪಕ್ಕ ತೊಯ್ದ ಬೆಕ್ಕಿನಂತೆ ನಿಂತೆ.

ಮರುದಿನದಿಂದ ಡೈನಿಂಗ್ ಟೇಬಲ್ಲಿನ ಯಜಮಾನಿಕೆ ಅತ್ತೆಗೆ ಹೋಯಿತು. ವಿಮಾನದ ಹೊಟ್ಟೆ ಸೀಳಿದೆ. ಅವರು ಹೇಳುತ್ತಾ ಹೋದರು, ಹೆಂಡತಿ ರಟ್ಟಿನಲ್ಲಿ ಕುರ್ಚಿ ಮಾಡುತ್ತಾ ಹೋದಳು, ನಾನು ಉಜ್ಜುಕಾಗದ ತಿಕ್ಕುತ್ತಾ ಹೋದೆ. "ಕುರ್ಚಿ ಹಸಿರು. ಅಲ್ಲ, ಇನ್ನೂ ಕಡು. ಪರದೆಗೆ ಸಣ್ಣ ನೆರಿಗೆ ಬೇಕು." ಮಾತು, ಮಾತು, ಮಾತು! ಅವರ ಅಪ್ಪನ ಟೋಪಿ, ಆಕಾಶದಲ್ಲಿ ಕುಡಿದ ಕಾಫಿ, ಮುಂದಿನ ಸೀಟಿನಾತನ ಗೊರಕೆ, ಎಲ್ಲ ಬಂದವು. ನನ್ನ ಹೆಂಡತಿ ತನ್ನ ಅಜ್ಜನನ್ನು ಕಂಡವಳೇ ಅಲ್ಲ. ರಟ್ಟು ಕತ್ತರಿಸುವುದನ್ನು ಮರೆತು, ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ಕೆಲಸ ಮುಗಿಯಿತು. ಅತ್ತೆ ವಿಮಾನವನ್ನು ಬೆಳಕಿಗೆ ಹಿಡಿದು ಕಿಟಕಿಯಲ್ಲಿ ಇಣುಕಿದರು. ಕಣ್ಣು ತೇವವಾಯಿತು. "ಥೇಟ್ ಹಾಗೇ ಇದೆ," ಅಂದರು.

ಸಾಕು! ಬಲೂನಿನಂತೆ ಉಬ್ಬಿಹೋದೆ. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಉಬ್ಬಿದವನಿಗೆ ಬಾಯಿ ಎಲ್ಲಿ ನಿಲ್ಲುತ್ತದೆ?

"ಅತ್ತೆ, ಇದನ್ನೇ ನಾನು ನಿಜವಾದ ಅಳತೇಲಿ ಕಟ್ಟಿ ನೀರಿಗೆ ಬಿಟ್ಟೆ ಅಂತಿಟ್ಕೊಳ್ಳಿ. ಹತ್ತುತ್ತೀರಾ?"

ಅತ್ತೆ ವಿಮಾನ ನೋಡಿದರು. ನನ್ನನ್ನು ನೋಡಿದರು. ತುಂಬ ಪ್ರೀತಿಯಿಂದ ನನ್ನ ಕೈ ತಟ್ಟಿದರು.

"ನೀವು ಮುಂದೆ ಹೋಗಿರಿ ಅಳಿಯಂದಿರೇ, ನಾನೂ ನನ್ನ ಮಗಳೂ ಹಿಂದಿನಿಂದ ಬಸ್ಸಿಗೆ ಬರ್ತೀವಿ."